ವಂಶದ ಕಲ್ಲು: ಸಿಸ್ಟಿನ್ ಅಶ್ಮರಿಯೂ ಅದರ ಔಷಧ ಶೋಧನೆಯೂ

ರೋಗಗಳಲ್ಲಿ ಎರಡು ಬಗೆ. ಹೊರಗಿನಿಂದ ಬಂದು ಶರೀರವನ್ನು ಸೇರುವವು ಕೆಲವು. ಹುಟ್ಟಿನೊಡನೆಯೇ ಬರುವವು ಕೆಲವು. ಮಲೇರಿಯಾ, ಕ್ಷಯ, ವಿಷಮಶೀತಜ್ವರ ಮುಂತಾದವು ಮೊದಲನೆಯ ಬಗೆಗೆ ಸೇರಿದವು. ಇವುಗಳನ್ನುಂಟುಮಾಡುವ ಸೂಕ್ಷ್ಮಜೀವಿಗಳು ಯಾವುವೆಂಬುದು ತಿಳಿದ ಮೇಲೆ ಜನರಲ್ಲಿದ್ದ ಅಂಧಭೀತಿಯು ಬಹುಮಟ್ಟಿಗೆ ಅಳಿಯಿತು. ಆದರೆ ಎರಡನೆಯ ಬಗೆಯ ರೋಗಗಳ ವಿಷಯದಲ್ಲಿ ಹಾಗಾಗಿಲ್ಲ. ತಂದೆತಾಯಿಗಳಿಂದ ಮಕ್ಕಳಿಗೆ ಇಳಿದು ಬರುವ ವ್ಯಾಧಿಯೆಂದೊಡನೆಯೇ ಅದನ್ನು ಕುಲದೋಷವೆಂದೂ ಪೂರ್ವಜನ್ಮದ ಕರ್ಮವೆಂದೂ ಭಾವಿಸುವವರು ಇಂದಿಗೂ ಇದ್ದಾರೆ. ಸೊಸೆಯ ತವರನ್ನು ದೂರುವವರುಂಟು. ಮುಂದೆ ಮಗಳ ವಿವಾಹಕ್ಕೆ ಅಡ್ಡಿಯಾದೀತೆಂದು ಮಗುವಿನ ಕಾಯಿಲೆಯನ್ನೇ ಮುಚ್ಚಿಡುವವರುಂಟು. ಮುಚ್ಚಿಟ್ಟ ರೋಗಕ್ಕೆ ಮದ್ದೆಲ್ಲಿಯದು? ಅದರ ಫಲವನ್ನು ಉಣ್ಣುವುದು ಏನೂ ಅರಿಯದ ಆ ಮಗುವೇ.

ಇಂಥ ವ್ಯಾಧಿಯು ನಮ್ಮ ವಯನಾಡಿಗೆ ಹೊಸದಲ್ಲ. ಮಲೆಯಾಳದಲ್ಲಿ ಅರಿವಾಳ್ ರೋಗವೆಂದು ಕರೆಯುವ, ನಾವು ಕುಡುಗೋಲು ಕಣದ ರೋಗವೆನ್ನಬಹುದಾದ ರಕ್ತದ ಕಾಯಿಲೆಯನ್ನು ಚೇಕಾಡಿಯ ಸುತ್ತಮುತ್ತಲಿನ ಜನರು ಕೇಳಿಯೇ ಇದ್ದಾರೆ. ವಯನಾಡಿನ ಆದಿವಾಸಿ ಜನಗಳಲ್ಲಿಯೂ ಚೆಟ್ಟಿ ಜನಾಂಗದಲ್ಲಿಯೂ ಇದು ಕಂಡುಬರುತ್ತದೆ. ಭಾರತದಲ್ಲಿ ಈ ಗುಣವಿರುವುದನ್ನು ಲೇಮನ್ ಮತ್ತು ಕಟ್‌ಬುಷ್ ಎಂಬ ವಿದ್ವಾಂಸರು ೧೯೫೨ರಲ್ಲಿ ಮೊದಲು ಪ್ರಕಟಿಸಿದ್ದು ನಮಗೆ ನೆರೆಯಾದ ನೀಲಗಿರಿಯ ಬೆಟ್ಟದ ಜನರ ರಕ್ತವನ್ನು ಪರೀಕ್ಷಿಸಿದ ಬಳಿಕವೇ. ಈ ರೋಗದ ಮಾತು ಮುಂದೆ ಮತ್ತೆ ಬರುತ್ತದೆ. ಆದರೆ ವಂಶಗತ ವ್ಯಾಧಿಯು ಹೇಗೆ ಹುಟ್ಟುತ್ತದೆ, ಅದಕ್ಕೆ ಔಷಧವನ್ನು ಹೇಗೆ ಹುಡುಕುತ್ತಾರೆ ಎಂಬುದನ್ನು ತಿಳಿಯುವುದಕ್ಕೆ ಇನ್ನೊಂದು ವ್ಯಾಧಿಯನ್ನು ಮೊದಲು ನೋಡುವುದು ಲೇಸು. ಅದಾವುದೆಂದರೆ, ಮೂತ್ರಪಿಂಡದಲ್ಲಿ ಕಲ್ಲನ್ನುಂಟುಮಾಡುವ ಸಿಸ್ಟಿನೂರಿಯ ಎಂಬುದು. ಇದರಲ್ಲಿ ರೋಗದ ಫಲವು ಕಣ್ಣಿಗೆ ಕಾಣುತ್ತದೆ. ಕಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನೋಡಬಹುದು. ಆದುದರಿಂದಲೇ ಅದರ ಕಾರಣವನ್ನು ಹುಡುಕುವ ಕೆಲಸವು ಇನ್ನೂರು ವರ್ಷಗಳಿಗೂ ಹಿಂದೆಯೇ ಆರಂಭವಾಯಿತು.

ಮೂತ್ರಪಿಂಡದ ಕೆಲಸ

ಮೂತ್ರದಲ್ಲಿ ಕಲ್ಲು ಕಟ್ಟುವ ರೋಗವನ್ನು ನಮ್ಮ ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಸುಶ್ರುತ ಸಂಹಿತೆಯಲ್ಲಿ ಅಶ್ಮರಿಯೆಂಬ ಹೆಸರಿನಿಂದ ಇದರ ನಾಲ್ಕು ಭೇದಗಳನ್ನು ಹೇಳಿದೆ. ಶಸ್ತ್ರದಿಂದ ಕಲ್ಲನ್ನು ಹೊರತೆಗೆಯುವ ವಿಧಾನವನ್ನೂ ವಿವರಿಸಿದೆ. ಅಶ್ಮವೆಂದರೆ ಕಲ್ಲು. ಆದರೆ ಎಲ್ಲ ಕಲ್ಲುಗಳೂ ಒಂದೇ ಪದಾರ್ಥದಿಂದ ಆದವಲ್ಲ. ಇಂದು ಜನರಲ್ಲಿ ಕಾಣುವ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದವು. ನೀರು ಕಡಿಮೆ ಕುಡಿಯುವುದು, ಬಿಸಿಲಿನಲ್ಲಿ ಬಹಳ ಬೆವರುವುದು, ಆಹಾರದ ಸ್ವಭಾವ ಮುಂತಾದ ಅನೇಕ ಕಾರಣಗಳು ಕೂಡಿ ಇವು ಉಂಟಾಗುತ್ತವೆ. ನಾವು ಹೇಳಹೊರಟಿರುವ ಸಿಸ್ಟಿನ್ ಕಲ್ಲು ಇವುಗಳಿಗಿಂತ ಬೇರೆ. ಪ್ರಾಯದವರ ಕಲ್ಲುಗಳಲ್ಲಿ ಇದು ನೂರಕ್ಕೆ ಒಂದೋ ಎರಡೋ ಮಾತ್ರ. ಮಕ್ಕಳ ಕಲ್ಲುಗಳಲ್ಲಿಯಾದರೋ ಇದರ ಪ್ರಮಾಣವು ನೂರಕ್ಕೆ ಆರರಿಂದ ಎಂಟರವರೆಗೂ ಏರುತ್ತದೆ. ಲೋಕದಲ್ಲಿ ಸುಮಾರು ೭,೦೦೦ ಜನರಲ್ಲಿ ಒಬ್ಬರಿಗೆ ಈ ವ್ಯಾಧಿಯಿದೆಯೆಂದು ಅಂದಾಜು.

ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ ಒಂದೊಂದರಂತೆ ಮುಷ್ಟಿಯ ಗಾತ್ರದ ಎರಡು ಮೂತ್ರಪಿಂಡಗಳಿವೆ. ಹಳೆಯ ಶಾಲಾಪುಸ್ತಕಗಳಲ್ಲಿ ಇವನ್ನು ಮೂತ್ರಜನಕಾಂಗಗಳೆಂದೂ ಕರೆದಿದ್ದಾರೆ. ಇವು ರಕ್ತವನ್ನು ಶೋಧಿಸುತ್ತವೆಯೆಂಬುದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಆದರೆ ಶೋಧಿಸುವ ರೀತಿ ವಿಚಿತ್ರವಾದುದು. ಮನೆಯ ಕಸವನ್ನು ತೆಗೆಯುವಾಗ ನಾವು ಕಸವನ್ನಷ್ಟೆ ಆರಿಸಿ ಹೊರಗೆ ಹಾಕುತ್ತೇವೆ. ಮೂತ್ರಪಿಂಡವು ಹಾಗೆ ಮಾಡುವುದಿಲ್ಲ. ಅದು ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದುದನ್ನು ಒಂದೊಂದಾಗಿ ಮರಳಿ ಒಳಗೆ ತಂದು, ಉಳಿದುದನ್ನು ಹೊರಗೆ ಬಿಡುತ್ತದೆ. ದಿನವೊಂದಕ್ಕೆ ಸುಮಾರು ೧೮೦ ಲೀಟರು ದ್ರವವು ರಕ್ತದಿಂದ ಸೋಸಿ ಸೂಕ್ಷ್ಮ ನಳಿಕೆಗಳೊಳಕ್ಕೆ ಇಳಿಯುತ್ತದೆ. ಅದರಲ್ಲಿ ಒಂದೂವರೆ ಎರಡು ಲೀಟರು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಮಿಕ್ಕುದೆಲ್ಲವನ್ನೂ, ಅದರಲ್ಲಿ ಕರಗಿರುವ ಸಕ್ಕರೆ, ಲವಣ, ಅಮೈನೋ ಆಮ್ಲಗಳ ಸಹಿತವಾಗಿ, ನಳಿಕೆಗಳ ಗೋಡೆಯು ಮರಳಿ ರಕ್ತಕ್ಕೆ ಒಪ್ಪಿಸುತ್ತದೆ. ಹೀಗೆ ಒಪ್ಪಿಸುವುದಕ್ಕಾಗಿ ಗೋಡೆಯಲ್ಲಿ ಒಂದೊಂದು ಬಗೆಯ ಪದಾರ್ಥಕ್ಕೆ ಒಂದೊಂದು ಬಗೆಯ ಬಾಗಿಲುಗಳಿವೆ. ಈ ಬಾಗಿಲುಗಳೂ ಸಸಾರಜನಕದಿಂದ, ಎಂದರೆ ಪ್ರೋಟೀನಿನಿಂದ, ಆದವುಗಳೇ.

ಸಿಸ್ಟಿನೂರಿಯವಿರುವವರಲ್ಲಿ ಇಂಥ ಒಂದು ಬಾಗಿಲು ಸರಿಯಾಗಿ ರಚಿತವಾಗಿರುವುದಿಲ್ಲ. ಸಿಸ್ಟಿನ್, ಲೈಸಿನ್, ಆರ್ಜಿನಿನ್, ಆರ್ನಿಥಿನ್ ಎಂಬ ನಾಲ್ಕು ಅಮೈನೋ ಆಮ್ಲಗಳು ಒಳಗೆ ಹೋಗುವುದು ಆ ಬಾಗಿಲಿನಿಂದಲೇ. ಬಾಗಿಲು ಕೆಟ್ಟುದರಿಂದ ನಾಲ್ಕೂ ಮೂತ್ರದಲ್ಲಿ ಹರಿದುಹೋಗುತ್ತವೆ. ಕೊನೆಯ ಮೂರು ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ತೊಂದರೆಯಿಲ್ಲ. ಸಿಸ್ಟಿನ್ ಮಾತ್ರ ಸುಲಭವಾಗಿ ಕರಗದು. ಕರಗಲಾರದೆ ಉಳಿದುದು ಹರಳಾಗುತ್ತದೆ. ಹರಳು ಬೆಳೆದು ಕಲ್ಲಾಗುತ್ತದೆ. ರೋಗದ ಕಥೆಯೆಲ್ಲವೂ ಇಷ್ಟೆ. ಆದರೆ ಇಷ್ಟನ್ನು ತಿಳಿಯುವುದಕ್ಕೆ ಮನುಷ್ಯನಿಗೆ ನೂರನಲವತ್ತು ವರ್ಷಗಳು ಬೇಕಾದವು.

ಶೋಧನೆಯ ಇತಿಹಾಸ

೧೮೧೦ರಲ್ಲಿ ಇಂಗ್ಲೆಂಡಿನ ವಿಲಿಯಂ ಹೈಡ್ ವೊಲ್ಲಾಸ್ಟನ್ ಎಂಬಾತನು ತನಗೆ ದೊರೆತ ಒಂದು ವಿಚಿತ್ರವಾದ ಕಲ್ಲಿನ ವಿಷಯವಾಗಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದನು. ಈತನು ವೈದ್ಯನಾಗಿದ್ದು ಬಳಿಕ ರಸಾಯನಶಾಸ್ತ್ರಕ್ಕೆ ತಿರುಗಿದವನು. ಪಲ್ಲಾಡಿಯಂ, ರೋಡಿಯಂ ಎಂಬ ಎರಡು ಲೋಹಗಳನ್ನು ಕಂಡುಹಿಡಿದವನೂ ಈತನೇ. ತನ್ನ ಕೈಯಲ್ಲಿದ್ದ ಕಲ್ಲು ಅದುವರೆಗೆ ತಿಳಿದಿದ್ದ ಯಾವ ಜಾತಿಗೂ ಸೇರದೆಂಬುದನ್ನು ಆತನು ಪರೀಕ್ಷೆಯಿಂದ ಅರಿತನು. ಕಲ್ಲು ಮೂತ್ರಕೋಶದಿಂದ ಬಂದುದಾದ ಕಾರಣ ಅದಕ್ಕೆ ಮೂತ್ರಕೋಶದ ಆಕ್ಸೈಡು ಎಂಬರ್ಥದ ಹೆಸರನ್ನಿಟ್ಟನು. ಅದು ಆಕ್ಸೈಡು ಅಲ್ಲವೆಂದು ತೋರಿಸಿ ೧೮೩೩ರಲ್ಲಿ ಸಿಸ್ಟಿನ್ ಎಂಬ ಹೆಸರನ್ನು ಕೊಟ್ಟವನು ಸ್ವೀಡನ್ನಿನ ರಸಾಯನಜ್ಞ ಬರ್ಜೀಲಿಯಸ್. ಗ್ರೀಕ್ ಭಾಷೆಯಲ್ಲಿ ಕೂಸ್ಟಿಸ್ ಎಂದರೆ ಮೂತ್ರಕೋಶ. ಆ ಹೆಸರು ಹಾಗೆಯೇ ನಿಂತಿತು.

ಈ ಸಿಸ್ಟಿನ್ ರೋಗಿಯ ದೇಹದಲ್ಲಿ ಮಾತ್ರ ಇರುವ ಕೆಟ್ಟ ಪದಾರ್ಥವೆಂದು ಬಹುಕಾಲ ತಿಳಿದಿದ್ದರು. ೧೮೯೯ರಲ್ಲಿ ಸ್ವೀಡನ್ನಿನ ಮೋರ್ನರ್ ಎಂಬವನು ದನದ ಕೊಂಬಿನಿಂದ ಇದನ್ನೇ ಬೇರ್ಪಡಿಸಿ ತೆಗೆದಾಗ ಆ ಭ್ರಾಂತಿ ಹರಿಯಿತು. ಕೊಂಬು, ಗೊರಸು, ಉಗುರು, ತಲೆಗೂದಲು ಇವೆಲ್ಲದರಲ್ಲಿಯೂ ಸಿಸ್ಟಿನ್ ಹೇರಳವಾಗಿದೆ. ಅವುಗಳ ಗಟ್ಟಿತನಕ್ಕೆ ಅದೇ ಕಾರಣ. ಕೂದಲು ಸುಟ್ಟಾಗ ಬರುವ ಕಮಟು ವಾಸನೆಯಲ್ಲಿ ಸಿಸ್ಟಿನಿನೊಳಗಿನ ಗಂಧಕದ ಪಾಲೂ ಇದೆ. ನಮ್ಮೆಲ್ಲರ ಶರೀರಕ್ಕೂ ಅವಶ್ಯವಾದ ಪದಾರ್ಥವೇ ಒಬ್ಬರಲ್ಲಿ ಸ್ಥಳ ತಪ್ಪಿ ಕಲ್ಲಾಗುತ್ತದೆಯೆಂಬುದು ಇದರಿಂದ ಸಿದ್ಧವಾಯಿತು.

ಮುಂದಿನ ಹೆಜ್ಜೆಯನ್ನಿಟ್ಟವರು ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್. ೧೯೦೮ರಲ್ಲಿ ಅವರು ಕೊಟ್ಟ ಉಪನ್ಯಾಸಮಾಲೆಯಲ್ಲಿ ಹುಟ್ಟಿನಿಂದಲೇ ಬರುವ ನಾಲ್ಕು ವ್ಯತ್ಯಾಸಗಳನ್ನು ವಿವರಿಸಿದರು. ಸಿಸ್ಟಿನೂರಿಯವು ಅವುಗಳಲ್ಲಿ ಒಂದು. ಇವು ಸೋಂಕಿನಿಂದ ಬಂದವಲ್ಲ, ಶರೀರದ ರಸಾಯನ ಕ್ರಿಯೆಯಲ್ಲಿ ವಂಶಾನುಗತವಾಗಿ ಬರುವ ಒಂದು ತಪ್ಪಿನ ಫಲವೆಂಬುದು ಅವರ ವಾದ. ಆ ಮಾತು ವೈದ್ಯಶಾಸ್ತ್ರದಲ್ಲಿ ಹೊಸದೊಂದು ಅಧ್ಯಾಯವನ್ನೇ ತೆರೆಯಿತು. ಆದರೆ ಸಿಸ್ಟಿನೂರಿಯದ ಮಟ್ಟಿಗೆ ತಪ್ಪು ಎಲ್ಲಿದೆಯೆಂಬುದನ್ನು ಅವರು ಸರಿಯಾಗಿ ಗುರುತಿಸಿರಲಿಲ್ಲ. ದೇಹವು ಸಿಸ್ಟಿನನ್ನು ಜೀರ್ಣಿಸಲಾರದೆಂದು ಭಾವಿಸಿದ್ದರು. ೧೯೫೧ರಲ್ಲಿ ಡೆಂಟ್ ಮತ್ತು ರೋಸ್ ಎಂಬವರು ಮೂತ್ರದಲ್ಲಿ ಸಿಸ್ಟಿನಿನ ಜೊತೆಗೆ ಉಳಿದ ಮೂರು ಅಮೈನೋ ಆಮ್ಲಗಳೂ ಇರುವುದನ್ನು ಎತ್ತಿ ತೋರಿಸಿ, ದೋಷವಿರುವುದು ಮೂತ್ರಪಿಂಡದ ಬಾಗಿಲಿನಲ್ಲಿ ಎಂಬುದನ್ನು ಸ್ಥಾಪಿಸಿದರು. ಬಾಗಿಲನ್ನು ರಚಿಸುವ ಎರಡು ಜೀನುಗಳು ೧೯೯೪ರಲ್ಲಿ ಒಂದು, ೧೯೯೯ರಲ್ಲಿ ಇನ್ನೊಂದು, ಪತ್ತೆಯಾದವು. ಇವಕ್ಕೆ ಎಸ್‌ಎಲ್‌ಸಿ೩ಎ೧ ಮತ್ತು ಎಸ್‌ಎಲ್‌ಸಿ೭ಎ೯ ಎಂದು ಹೆಸರು.

ದೋಷವು ಯಾರದು?

ಜೀನು ಎಂದರೆ ಶರೀರವನ್ನು ಕಟ್ಟುವುದಕ್ಕೆ ಬೇಕಾದ ಒಂದು ಬರೆಹದ ತುಣುಕು. ಪ್ರತಿಯೊಂದು ಬರೆಹದ ಎರಡು ಪ್ರತಿಗಳು ನಮ್ಮಲ್ಲಿವೆ. ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ ಬಂದುದು. ಒಂದು ಪ್ರತಿಯಲ್ಲಿ ಅಕ್ಷರದೋಷವಿದ್ದರೂ ಇನ್ನೊಂದು ಸರಿಯಾಗಿದ್ದರೆ ಸಾಮಾನ್ಯವಾಗಿ ಕೆಲಸ ನಡೆದುಹೋಗುತ್ತದೆ. ಅಂಥವರು ಆರೋಗ್ಯವಂತರಾಗಿಯೇ ಬಾಳುತ್ತಾರೆ. ತಮ್ಮಲ್ಲಿ ದೋಷವಿರುವ ಪ್ರತಿಯೊಂದಿದೆಯೆಂಬುದು ಅವರಿಗೆ ತಿಳಿದೇ ಇರುವುದಿಲ್ಲ. ಎರಡು ಪ್ರತಿಗಳಲ್ಲಿಯೂ ದೋಷವಿರುವ ಮಗುವಿಗೆ ಮಾತ್ರ ರೋಗವು ಪೂರ್ಣವಾಗಿ ಬರುತ್ತದೆ. ಸಿಸ್ಟಿನೂರಿಯದಲ್ಲಿ ಬಹುಮಟ್ಟಿಗೆ ಇದೇ ನಿಯಮ. ಕುಡುಗೋಲು ಕಣದ ರೋಗದಲ್ಲಿಯೂ ಇದೇ ನಿಯಮ.

ವಿದ್ಯಾರ್ಥಿಗಳು ಇದನ್ನು ಎರಡು ನಾಣ್ಯಗಳಿಂದ ಮಾಡಿ ನೋಡಬಹುದು. ಒಂದು ನಾಣ್ಯವು ತಾಯಿ, ಒಂದು ತಂದೆ ಎನ್ನಿರಿ. ಸಿಂಹಮುದ್ರೆಯು ಸರಿಯಾದ ಪ್ರತಿ, ಹಿಂಬದಿಯು ದೋಷದ ಪ್ರತಿ. ಎರಡನ್ನೂ ಕೂಡಿ ನೂರು ಸಲ ಚಿಮ್ಮಿ, ಬಿದ್ದುದನ್ನು ಬರೆದಿಡಿರಿ. ಸುಮಾರು ಇಪ್ಪತ್ತೈದು ಸಲ ಎರಡೂ ಸಿಂಹಮುದ್ರೆ, ಸುಮಾರು ಐವತ್ತು ಸಲ ಒಂದೊಂದು, ಸುಮಾರು ಇಪ್ಪತ್ತೈದು ಸಲ ಎರಡೂ ಹಿಂಬದಿ ಬೀಳುವುದನ್ನು ಕಾಣುವಿರಿ. ಎಂದರೆ, ತಂದೆತಾಯಿಗಳಿಬ್ಬರಲ್ಲಿಯೂ ಒಂದೊಂದು ದೋಷದ ಪ್ರತಿಯಿದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವವು ನಾಲ್ಕರಲ್ಲಿ ಒಂದು. ಮೊದಲನೆಯ ಮಗುವಿಗೆ ರೋಗ ಬಂದಿತೆಂದು ಮುಂದಿನ ಮೂವರಿಗೆ ಬಾರದೆಂದು ಅರ್ಥವಲ್ಲ. ನಾಣ್ಯಕ್ಕೆ ಹಿಂದಿನ ಸಲದ ನೆನಪಿರುವುದಿಲ್ಲ.

ಈ ಲೆಕ್ಕವನ್ನು ಅರಿತವರು ಒಂದು ವಿಷಯವನ್ನು ಗಮನಿಸತಕ್ಕದ್ದು. ರೋಗದ ಮಗುವಿಗೆ ಒಂದು ಪ್ರತಿಯು ತಾಯಿಯಿಂದ ಬಂದಿದೆ, ಇನ್ನೊಂದು ತಂದೆಯಿಂದ ಬಂದಿದೆ. ತವರನ್ನಾಗಲಿ ಅತ್ತೆಮನೆಯನ್ನಾಗಲಿ ದೂರುವುದಕ್ಕೆ ಇಲ್ಲಿ ಎಡೆಯೇ ಇಲ್ಲ. ಯಾರೂ ಬೇಡಿ ಪಡೆದುದಲ್ಲ, ಯಾರೂ ತಪ್ಪುಗೈದು ಗಳಿಸಿದುದಲ್ಲ. ರಕ್ತಸಂಬಂಧದೊಳಗಿನ ವಿವಾಹಗಳಲ್ಲಿ ಒಂದೇ ಅಜ್ಜನ ದೋಷದ ಪ್ರತಿಯು ವಧೂವರರಿಬ್ಬರಲ್ಲಿಯೂ ಇರುವ ಸಂಭವವು ಹೆಚ್ಚು. ಆದುದರಿಂದ ಅಂಥ ಕುಟುಂಬಗಳಲ್ಲಿ ರೋಗವು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಸೋದರಸಂಬಂಧವು ರೂಢಿಯಲ್ಲಿರುವ ಮನೆತನಗಳವರು ಇದನ್ನು ವೈದ್ಯರೊಡನೆ ಮುಕ್ತವಾಗಿ ಮಾತನಾಡಿಕೊಳ್ಳುವುದು ವಿವೇಕ.

ನೀರಿನ ಲೆಕ್ಕ

ಒಂದು ಲೀಟರು ಸಾಧಾರಣ ಮೂತ್ರದಲ್ಲಿ ಸುಮಾರು ೨೫೦ ಮಿಲಿಗ್ರಾಂ ಸಿಸ್ಟಿನ್ ಮಾತ್ರ ಕರಗಬಲ್ಲುದು. ಆರೋಗ್ಯವಂತನ ಮೂತ್ರದಲ್ಲಿ ದಿನಕ್ಕೆ ಹೊರಹೋಗುವ ಸಿಸ್ಟಿನ್ ೩೦ ಮಿಲಿಗ್ರಾಮಿಗೂ ಕಡಿಮೆ. ಆದುದರಿಂದ ಅವನಿಗೆ ಯಾವ ಭಯವೂ ಇಲ್ಲ. ರೋಗಿಯಲ್ಲಿ ಇದು ೪೦೦ರಿಂದ ೧,೦೦೦ ಮಿಲಿಗ್ರಾಮಿನವರೆಗೂ, ಕೆಲವರಲ್ಲಿ ಅದಕ್ಕೂ ಮೇಲೆ ಹೋಗುತ್ತದೆ. ಈಗ ಒಂದು ಲೆಕ್ಕವನ್ನು ಮಾಡೋಣ. ದಿನಕ್ಕೆ ೭೫೦ ಮಿಲಿಗ್ರಾಂ ಸಿಸ್ಟಿನ್ ಹೊರಹಾಕುವ ಒಬ್ಬನು ಒಂದು ಲೀಟರು ಮೂತ್ರವನ್ನು ಮಾತ್ರ ವಿಸರ್ಜಿಸಿದರೆ ಅದರಲ್ಲಿ ೨೫೦ ಕರಗಿ, ೫೦೦ ಮಿಲಿಗ್ರಾಂ ಕರಗದೆ ಉಳಿಯುತ್ತದೆ. ಅವನೇ ಮೂರು ಲೀಟರು ವಿಸರ್ಜಿಸುವಷ್ಟು ನೀರನ್ನು ಕುಡಿದರೆ? ೭೫೦ ಮಿಲಿಗ್ರಾಮೂ ಕರಗಿ ಹೋಗುತ್ತದೆ. ಕಲ್ಲಿಗೆ ಸಾಮಗ್ರಿಯೇ ಉಳಿಯದು. ಹತ್ತು ವರ್ಷದ ಬಾಲಕನೂ ಮಾಡಬಲ್ಲ ಈ ಭಾಗಾಕಾರದಲ್ಲಿಯೇ ಈ ರೋಗದ ಪ್ರಥಮ ಚಿಕಿತ್ಸೆಯಿದೆ.

ರಾತ್ರಿಯ ಹೊತ್ತು ನಾವು ನೀರು ಕುಡಿಯುವುದಿಲ್ಲವಾದ ಕಾರಣ ಮೂತ್ರವು ಗಾಢವಾಗುತ್ತದೆ. ಕಲ್ಲು ಹೆಚ್ಚಾಗಿ ಬೆಳೆಯುವುದು ಆಗಲೇ. ಆದುದರಿಂದ ಮಲಗುವಾಗಲೂ ನಡುರಾತ್ರಿಯಲ್ಲಿ ಎದ್ದಾಗಲೂ ರೋಗಿಗಳು ನೀರು ಕುಡಿಯಬೇಕೆಂದು ಡೆಂಟ್ ಮತ್ತು ಸೀನಿಯರ್ ಎಂಬ ವೈದ್ಯರು ೧೯೫೫ರಲ್ಲಿಯೇ ಬೋಧಿಸಿದರು. ಮೂತ್ರದ ಆಮ್ಲಗುಣವನ್ನು ತಗ್ಗಿಸಿ ಕ್ಷಾರದ ಕಡೆಗೆ ತಿರುಗಿಸಿದರೆ ಸಿಸ್ಟಿನ್ ಇನ್ನಷ್ಟು ಕರಗುತ್ತದೆ. ಇದಕ್ಕಾಗಿ ವೈದ್ಯರು ಪೊಟ್ಯಾಸಿಯಂ ಸಿಟ್ರೇಟನ್ನು ಕೊಡುತ್ತಾರೆ. ಉಪ್ಪನ್ನು ಕಡಿಮೆ ಮಾಡಿದರೆ ಮೂತ್ರಕ್ಕೆ ಬರುವ ಸಿಸ್ಟಿನೂ ಕಡಿಮೆಯಾಗುತ್ತದೆ. ಈ ಮೂರು ಉಪಾಯಗಳೂ ಇಂದಿಗೂ ಚಿಕಿತ್ಸೆಯ ಅಡಿಗಲ್ಲುಗಳಾಗಿಯೇ ಉಳಿದಿವೆ.

ಜೋಡಿಯನ್ನು ಬಿಡಿಸುವ ಔಷಧ

ಆದರೆ ಕೆಲವರಿಗೆ ನೀರೊಂದರಿಂದಲೇ ಸಾಲದು. ಅವರಿಗಾಗಿ ಔಷಧದ ಅನ್ವೇಷಣೆ ನಡೆಯಿತು. ಇಲ್ಲಿ ಸಿಸ್ಟಿನ್ ಅಣುವಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ಸಿಸ್ಟೀಯಿನ್ ಎಂಬ ಎರಡು ಚಿಕ್ಕ ಅಣುಗಳು ಗಂಧಕದ ಮೂಲಕ ಕೈಕೈ ಹಿಡಿದುಕೊಂಡುದೇ ಸಿಸ್ಟಿನ್. ಬಿಡಿಯಾಗಿದ್ದಾಗ ಅವು ನೀರಿನಲ್ಲಿ ಚೆನ್ನಾಗಿ ಕರಗುತ್ತವೆ, ಜೋಡಿಯಾದಾಗ ಕರಗಲೊಲ್ಲವು. ಹಾಗಾದರೆ ಜೋಡಿಯನ್ನು ಬಿಡಿಸಿ, ಒಂದರ ಕೈಯನ್ನು ತಾನು ಹಿಡಿದುಕೊಳ್ಳುವ ಮೂರನೆಯ ಅಣುವೊಂದು ದೊರೆತರೆ?

ಅಂಥದೊಂದು ದೊರೆತುದು ಅನ್ಯಕಾರ್ಯದ ನಡುವೆ. ಪೆನಿಸಿಲಿನ್ ಔಷಧವು ಶರೀರದಲ್ಲಿ ಒಡೆದಾಗ ಪೆನಿಸಿಲಮೈನ್ ಎಂಬ ಪದಾರ್ಥವು ಹುಟ್ಟುತ್ತದೆ. ಇದನ್ನು ೧೯೫೬ರಲ್ಲಿ ಜಾನ್ ವಾಲ್ಷ್ ಎಂಬ ಇಂಗ್ಲೆಂಡಿನ ವೈದ್ಯರು ವಿಲ್ಸನ್ ರೋಗವೆಂಬ ಇನ್ನೊಂದು ವಂಶಗತ ವ್ಯಾಧಿಯಲ್ಲಿ ಶರೀರದಿಂದ ತಾಮ್ರವನ್ನು ಹೊರಗೆ ಹಾಕುವುದಕ್ಕಾಗಿ ಬಳಸಿದರು. ೧೯೬೩ರಲ್ಲಿ ಕ್ರಾಹಾಲ್ ಮತ್ತು ಅವರ ಸಂಗಡಿಗರು ಇದನ್ನೇ ಸಿಸ್ಟಿನೂರಿಯದ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರದ ಸಿಸ್ಟಿನ್ ಇಳಿಯಿತು. ಪೆನಿಸಿಲಮೈನ್ ಜೋಡಿಯನ್ನು ಬಿಡಿಸಿ ತಾನೇ ಒಂದರೊಡನೆ ಕೂಡುತ್ತದೆ; ಆ ಹೊಸ ಜೋಡಿಯು ನೀರಿನಲ್ಲಿ ಹಲವು ಮಡಿ ಹೆಚ್ಚು ಕರಗುತ್ತದೆ. ಆದರೆ ಇದರಿಂದ ಮೈಮೇಲೆ ದದ್ದು, ಜ್ವರ, ಮೂತ್ರದಲ್ಲಿ ಸಸಾರಜನಕ ಸೋರುವುದು ಮುಂತಾದ ಉಪದ್ರವಗಳು ಅನೇಕರಿಗೆ ಉಂಟಾದವು. ಇದೇ ರೀತಿ ಕೆಲಸ ಮಾಡುವ, ಉಪದ್ರವ ಸ್ವಲ್ಪ ಕಡಿಮೆಯಾದ, ಟಯೋಪ್ರೊನಿನ್ ಎಂಬ ಔಷಧಕ್ಕೆ ೧೯೮೮ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದಕ್ಕೂ ಉಪದ್ರವಗಳಿಲ್ಲದೆ ಇಲ್ಲ. ವೈದ್ಯರ ನಿಗಾ ಇಲ್ಲದೆ ಇವೆರಡನ್ನೂ ಸೇವಿಸತಕ್ಕದ್ದಲ್ಲ.

ಕಟ್ಟಡವನ್ನು ತಡೆಯುವ ಔಷಧ

ಇಪ್ಪತ್ತೊಂದನೆಯ ಶತಮಾನದಲ್ಲಿ ವಿಜ್ಞಾನಿಗಳು ಪ್ರಶ್ನೆಯನ್ನೇ ಬೇರೊಂದು ರೀತಿಯಾಗಿ ಕೇಳಿದರು. ಸಿಸ್ಟಿನನ್ನು ಕರಗಿಸುವುದಕ್ಕೆ ಹೆಣಗುವ ಬದಲು, ಅದು ಹರಳಾಗಿ ಬೆಳೆಯುವುದನ್ನೇ ತಡೆಯಲಾಗದೇ? ಇದಕ್ಕೆ ಹರಳು ಬೆಳೆಯುವ ಬಗೆಯನ್ನು ಕಣ್ಣಾರೆ ಕಾಣಬೇಕಾಯಿತು. ಪರಮಾಣು ಬಲ ಸೂಕ್ಷ್ಮದರ್ಶಕವೆಂಬ ಉಪಕರಣದಿಂದ ಅದು ಸಾಧ್ಯವಾಯಿತು. ಕಣ್ಣು ಕಾಣದವರು ಬೆರಳಿನ ತುದಿಯಿಂದ ಸವರಿ ಅಕ್ಷರಗಳನ್ನು ಓದುವಂತೆ ಈ ಉಪಕರಣವು ಅತಿ ಸೂಕ್ಷ್ಮವಾದ ಮೊನೆಯಿಂದ ಹರಳಿನ ಮೈಯನ್ನು ಸವರಿ ಅದರ ಏರುತಗ್ಗುಗಳ ಚಿತ್ರವನ್ನು ಕೊಡುತ್ತದೆ.

ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಮೈಕಲ್ ವಾರ್ಡ್, ಜೆಫ್ರಿ ರೈಮರ್ ಮತ್ತು ಅವರ ಸಹೋದ್ಯೋಗಿಗಳು ಹೀಗೆ ನೋಡಿದಾಗ ಕಂಡುದೇನು? ಸಿಸ್ಟಿನ್ ಹರಳು ಆರು ಮೂಲೆಯ ತಗಡಿನಂತಿದೆ. ಅದರ ಮೇಲೆ ಸುರುಳಿಯಾದ ಮೆಟ್ಟಿಲುಗಳಿವೆ. ಹೊಸ ಅಣುಗಳು ಎಲ್ಲೆಂದರಲ್ಲಿ ಕೂಡದೆ ಮೆಟ್ಟಿಲಿನ ಅಂಚಿನಲ್ಲಿಯೇ ಒಂದರ ಮಗ್ಗುಲಿಗೆ ಒಂದು ಸೇರುತ್ತವೆ. ಗೋಡೆ ಕಟ್ಟುವ ಮೇಸ್ತ್ರಿಯು ಇಟ್ಟಿಗೆಯ ಪಕ್ಕದಲ್ಲಿ ಇಟ್ಟಿಗೆಯನ್ನಿಡುತ್ತ ಹೋಗುವುದಕ್ಕೆ ಇದನ್ನು ಹೋಲಿಸಬಹುದು. ಈಗ ಯಾರೋ ಒಬ್ಬರು ಒಂದು ಬದಿಯಲ್ಲಿ ಇಟ್ಟಿಗೆಯಂತೆಯೇ ಇದ್ದು, ಇನ್ನೊಂದು ಬದಿಯಲ್ಲಿ ಗಾರೆ ಹಿಡಿಯದಂಥ ಹುಸಿ ಇಟ್ಟಿಗೆಗಳನ್ನು ರಾಶಿಯಲ್ಲಿ ಬೆರೆಸಿದರೆನ್ನಿ. ಅಂಥದೊಂದು ಸಾಲಿನಲ್ಲಿ ಸೇರಿತೆಂದರೆ ಅದರಾಚೆಗೆ ಇನ್ನೊಂದು ಕೂಡಲಾರದು. ಗೋಡೆ ಅಲ್ಲಿಗೇ ನಿಲ್ಲುತ್ತದೆ. ಸಿಸ್ಟಿನ್ ಡೈಮಿಥೈಲ್ ಎಸ್ಟರ್ ಎಂಬ ಅಣುವು ಇಂಥ ಹುಸಿ ಇಟ್ಟಿಗೆ. ಸಿಸ್ಟಿನಿನ ಹೋಲಿಕೆಯಿರುವುದರಿಂದ ಅದು ಮೆಟ್ಟಿಲನ್ನು ಸೇರುತ್ತದೆ. ಅದರ ತುದಿಗಳಲ್ಲಿರುವ ವ್ಯತ್ಯಾಸದಿಂದಾಗಿ ಮುಂದಿನ ಅಣುವಿಗೆ ಎಡೆಗೊಡುವುದಿಲ್ಲ. ಈ ಶೋಧನೆಯು ೨೦೧೦ರಲ್ಲಿ ಸೈನ್ಸ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟವಾಯಿತು.

ಗಾಜಿನ ಪಾತ್ರೆಯಲ್ಲಿ ಸಿದ್ಧಿಸಿದುದು ಜೀವಿಯ ದೇಹದಲ್ಲಿಯೂ ಸಿದ್ಧಿಸಬೇಕಷ್ಟೆ. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾನಿಲಯದ ಅಮೃಕ್ ಸಹೋಟ ಮೊದಲಾದವರು ಸಿಸ್ಟಿನೂರಿಯವುಳ್ಳ ಇಲಿಗಳಿಗೆ ಈ ಪದಾರ್ಥವನ್ನು ಕೊಟ್ಟು ಪರೀಕ್ಷಿಸಿ ೨೦೧೪ರಲ್ಲಿ ಫಲವನ್ನು ಪ್ರಕಟಿಸಿದರು. ಔಷಧವನ್ನು ಪಡೆದ ಇಲಿಗಳಲ್ಲಿ ಕಲ್ಲುಗಳ ಗಾತ್ರವು ಚಿಕ್ಕದಾಯಿತು. ಆದರೆ ಕಲ್ಲುಗಳ ಸಂಖ್ಯೆಯು ಹೆಚ್ಚಾಗಿತ್ತು. ವಿಜ್ಞಾನಿಗಳು ಈ ಎರಡನ್ನೂ ಮರೆಮಾಚದೆ ಬರೆದರು. ಎಸ್ಟರ್ ಎಂಬ ಜಾತಿಯ ಪದಾರ್ಥಗಳು ಶರೀರದಲ್ಲಿ ಬೇಗನೆ ಒಡೆದುಹೋಗುವ ಸ್ವಭಾವದವು. ಆದುದರಿಂದ ಅದೇ ವಿಶ್ವವಿದ್ಯಾನಿಲಯದ ರಸಾಯನಜ್ಞರು ಹೆಚ್ಚು ಕಾಲ ಉಳಿಯಬಲ್ಲ ಡೈಯಮೈಡ್ ಎಂಬ ಜಾತಿಯ ಹುಸಿ ಇಟ್ಟಿಗೆಗಳನ್ನು ತಯಾರಿಸಿ ೨೦೧೬ರಲ್ಲಿ ವರದಿ ಮಾಡಿದರು. ೨೦೧೭ರಲ್ಲಿ ಲಿಪೋಯಿಕ್ ಆಮ್ಲವೆಂಬ ಇನ್ನೊಂದು ಪದಾರ್ಥವು ಇಲಿಗಳಲ್ಲಿ ಸಿಸ್ಟಿನ್ ಕಲ್ಲನ್ನು ತಡೆಯಿತೆಂದು ಬೇರೊಂದು ತಂಡದವರು ತಿಳಿಸಿದರು.

ಇಲಿಗೆ ಹಿತವಾದುದೆಲ್ಲವೂ ಮನುಷ್ಯನಿಗೆ ಹಿತವಾಗುವುದಿಲ್ಲ. ಪರೀಕ್ಷೆಗಳ ಮೇಲೆ ಪರೀಕ್ಷೆ ನಡೆದು, ಅಪಾಯವಿಲ್ಲವೆಂದು ಸಿದ್ಧವಾಗಿ, ಗುಣವೂ ಸ್ಥಿರಪಟ್ಟ ಮೇಲಲ್ಲವೆ ಔಷಧವು ರೋಗಿಯ ಕೈಗೆ ಬರಬೇಕಾದುದು? ಆ ದಾರಿಯು ದೀರ್ಘವಾದುದು. ಪತ್ರಿಕೆಯಲ್ಲಿ ಹೊಸ ಔಷಧದ ವಾರ್ತೆಯನ್ನು ಓದಿದೊಡನೆಯೇ ಇರುವ ಚಿಕಿತ್ಸೆಯನ್ನು ಕೈಬಿಡುವುದು ಅವಿವೇಕ.

ನಮ್ಮ ಊರಿನ ವ್ಯಾಧಿಯಲ್ಲಿ ಇದೇ ತತ್ತ್ವ

ಈಗ ಕುಡುಗೋಲು ಕಣದ ರೋಗಕ್ಕೆ ಮರಳೋಣ. ಅಲ್ಲಿಯೂ ಮೂಲದಲ್ಲಿರುವುದು ಒಂದು ಅಕ್ಷರದೋಷವೇ. ಆ ದೋಷದಿಂದಾಗಿ ರಕ್ತದ ಹೀಮೊಗ್ಲೋಬಿನ್ ಅಣುಗಳು ಆಮ್ಲಜನಕವನ್ನು ಬಿಟ್ಟುಕೊಟ್ಟಾಗ ಒಂದಕ್ಕೊಂದು ಅಂಟಿ ಉದ್ದವಾದ ಎಳೆಗಳಾಗುತ್ತವೆ. ದುಂಡಗಿನ ರಕ್ತಕಣವು ಬಾಗಿ ಕುಡುಗೋಲಿನ ಆಕಾರವನ್ನು ತಾಳುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಸ್ಟಿನಿನಲ್ಲಿ ಅಣುಗಳು ಕೂಡಿ ಕಲ್ಲಾದರೆ, ಇಲ್ಲಿ ಅಣುಗಳು ಕೂಡಿ ಎಳೆಯಾದವು. ರೋಗ ಬೇರೆ, ರೀತಿ ಒಂದೇ.

ಔಷಧದ ತತ್ತ್ವವೂ ಒಂದೇ. ಮಗುವು ತಾಯಿಯ ಗರ್ಭದಲ್ಲಿರುವಾಗ ಅದರ ರಕ್ತದಲ್ಲಿ ಬೇರೊಂದು ಬಗೆಯ ಹೀಮೊಗ್ಲೋಬಿನ್ ಇರುತ್ತದೆ. ಅದು ಆ ಎಳೆಗಳಲ್ಲಿ ಸೇರದು; ಎಳೆ ಬೆಳೆಯುವುದನ್ನು ತಡೆಯುತ್ತದೆ. ೧೮೬೯ರಲ್ಲಿ ಜರ್ಮನಿಯಲ್ಲಿ ಮೊದಲು ತಯಾರಾದ ಹೈಡ್ರಾಕ್ಸಿಯೂರಿಯ ಎಂಬ ಪದಾರ್ಥವು ಪ್ರಾಯದವರ ರಕ್ತದಲ್ಲಿಯೂ ಈ ಗರ್ಭಕಾಲದ ಹೀಮೊಗ್ಲೋಬಿನನ್ನು ಹೆಚ್ಚಿಸುತ್ತದೆ. ೧೯೯೫ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಇದನ್ನು ಸೇವಿಸಿದವರಿಗೆ ತೀವ್ರ ನೋವಿನ ಸರದಿಗಳು ಸುಮಾರು ಅರ್ಧಕ್ಕೆ ಇಳಿದವು. ೧೯೯೮ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಅನುಮತಿ ಸಿಕ್ಕಿತು. ಇಂದು ನಮ್ಮ ದೇಶದಲ್ಲಿಯೂ ವೈದ್ಯರು ಇದನ್ನು ಕೊಡುತ್ತಾರೆ. ೨೦೨೩ನೆಯ ಜುಲೈ ೧ರಂದು ಭಾರತ ಸರಕಾರವು ೨೦೪೭ರೊಳಗೆ ಈ ರೋಗವನ್ನು ನಿರ್ಮೂಲಗೊಳಿಸುವ ಉದ್ದೇಶದಿಂದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ವಯನಾಡಿನ ಸರಕಾರಿ ಆಸ್ಪತ್ರೆಗಳಲ್ಲಿ ಇದರ ರಕ್ತಪರೀಕ್ಷೆಯ ಸೌಕರ್ಯವಿದೆ.

ಈ ರೋಗವು ಮೂತ್ರಪಿಂಡವನ್ನೂ ಬಿಡುವುದಿಲ್ಲ. ಮೂತ್ರಪಿಂಡದ ಒಳಭಾಗದಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಕಣಗಳು ಬಾಗಿ ಹಾನಿಯುಂಟುಮಾಡುತ್ತವೆ. ಆಗ ಮೂತ್ರವನ್ನು ಗಾಢಗೊಳಿಸಿ ನೀರನ್ನು ಉಳಿಸಿಕೊಳ್ಳುವ ಶಕ್ತಿಯು ಕುಂದುತ್ತದೆ. ಅಂಥ ಮಗುವಿಗೆ ಪದೇ ಪದೇ ಮೂತ್ರವಾಗುತ್ತದೆ, ಬೇಗ ಬಾಯಾರುತ್ತದೆ, ರಾತ್ರಿ ಹಾಸಿಗೆಯೂ ನೆನೆಯಬಹುದು. ನೀರು ಸಾಲದಾದರೆ ಕಣಗಳು ಇನ್ನಷ್ಟು ಬಾಗಿ ನೋವು ಕೆರಳುತ್ತದೆ. ಕಲ್ಲಿನ ರೋಗಕ್ಕೂ ಕುಡುಗೋಲು ಕಣದ ರೋಗಕ್ಕೂ ನೀರು ಸಮಾನವಾದ ರಕ್ಷೆ ಎಂಬುದನ್ನು ಇದರಿಂದ ಮನಗಾಣಬೇಕು.

ಪೋಷಕರಿಗೂ ವಿದ್ಯಾರ್ಥಿಗಳಿಗೂ ಬಿನ್ನಹ

ಪಕ್ಕೆಯಿಂದ ತೊಡೆಯ ಸಂದಿಯವರೆಗೆ ಹರಿಯುವ ತೀವ್ರವಾದ ನೋವು, ವಾಂತಿ, ಮೂತ್ರದಲ್ಲಿ ರಕ್ತ ಇವು ಕಲ್ಲಿನ ಲಕ್ಷಣಗಳು. ಇದರೊಡನೆ ಜ್ವರವೂ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕಲ್ಲು ತಾನಾಗಿ ಹೊರಬಿದ್ದರೆ ಅದನ್ನು ಎಸೆಯದೆ ಶುಭ್ರವಾದ ಚಿಕ್ಕ ಡಬ್ಬಿಯಲ್ಲಿಟ್ಟು ವೈದ್ಯರಿಗೆ ಒಪ್ಪಿಸಬೇಕು; ಅದು ಯಾವ ಪದಾರ್ಥದ್ದೆಂಬುದು ಪರೀಕ್ಷೆಯಿಂದ ತಿಳಿದರೆ ಮುಂದಿನ ದಾರಿ ತಿಳಿದಂತೆಯೇ. ಸಿಸ್ಟಿನ್ ಕಲ್ಲು ಬಹಳ ಗಟ್ಟಿ. ಹೊರಗಿನಿಂದ ತರಂಗಗಳನ್ನು ಹಾಯಿಸಿ ಒಡೆಯುವ ಚಿಕಿತ್ಸೆಗೆ ಅದು ಸುಲಭವಾಗಿ ಜಗ್ಗುವುದಿಲ್ಲ. ತೆಗೆದರೂ ಮತ್ತೆ ಮತ್ತೆ ಕಟ್ಟುತ್ತದೆ. ಆದುದರಿಂದ ಎಳೆಯ ಮಗುವಿಗೆ ಕಲ್ಲಾದರೆ, ಒಬ್ಬರಿಗೇ ಪದೇ ಪದೇ ಕಲ್ಲಾದರೆ, ಒಂದೇ ಮನೆಯ ಒಡಹುಟ್ಟಿದವರಲ್ಲಿ ಇಬ್ಬರಿಗೆ ಕಲ್ಲಾದರೆ, ಇದು ವಂಶಗತವೇ ಎಂದು ವೈದ್ಯರನ್ನು ಕೇಳಬೇಕು. ಒಬ್ಬ ಮಗುವಿಗೆ ಈ ರೋಗವೆಂದು ತಿಳಿದುಬಂದರೆ ಅದರ ಅಣ್ಣತಮ್ಮ ಅಕ್ಕತಂಗಿಯರ ಮೂತ್ರವನ್ನೂ ಪರೀಕ್ಷಿಸಿಸಬೇಕು. ಕಲ್ಲು ಕಟ್ಟುವುದಕ್ಕೆ ಮುಂಚೆಯೇ ಎಚ್ಚರಗೊಳ್ಳಲು ಅದೇ ಮಾರ್ಗ. ಬೆಳೆಯುವ ಮಕ್ಕಳಿಗೆ ಎಷ್ಟು ನೀರು, ಎಂಥ ಆಹಾರ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ನಾವಾಗಿಯೇ ಹಾಲು, ಬೇಳೆಗಳನ್ನು ನಿಲ್ಲಿಸಬಾರದು.

ಶಾಲೆಗಳಿಗೆ ಸಂಬಂಧಿಸಿದ ಮಾತೊಂದುಂಟು. ಶೌಚಾಲಯಕ್ಕೆ ಹೋಗುವ ಸಂಕೋಚದಿಂದ ಬೆಳಗಿನಿಂದ ಸಂಜೆಯ ತನಕ ನೀರನ್ನೇ ಮುಟ್ಟದ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಇದ್ದಾರೆ. ಬಾಲಿಕೆಯರಲ್ಲಿ ಇದು ಹೆಚ್ಚು. ಆರೋಗ್ಯವಂತ ಮಗುವಿಗೇ ಇದು ಹಿತವಲ್ಲ. ಮೇಲೆ ಹೇಳಿದ ವ್ಯಾಧಿಗಳುಳ್ಳ ಮಗುವಿಗೆ ಇದು ನೇರವಾದ ಅಪಾಯ. ೨೦೧೯ರಲ್ಲಿ ಕೇರಳದ ಕೆಲವು ಶಾಲೆಗಳು ಮಕ್ಕಳು ನೀರು ಕುಡಿಯುವುದಕ್ಕೆಂದೇ ದಿನದಲ್ಲಿ ಕೆಲವು ಸಲ ಗಂಟೆ ಬಾರಿಸುವ ಪದ್ಧತಿಯನ್ನು ತಂದವು. ಕರ್ನಾಟಕವೂ ಅದನ್ನು ಅನುಸರಿಸಿತು. ಗಂಟೆ ಬಾರಿಸಿದರಷ್ಟೇ ಸಾಲದು. ಕುದಿಸಿ ಆರಿಸಿದ ನೀರು, ಶುಚಿಯಾದ ಶೌಚಾಲಯ, ಹೊರಗೆ ಹೋಗಲು ಅನುಮತಿ ಕೇಳಿದ ಮಗುವನ್ನು ಗದರಿಸದ ಉಪಾಧ್ಯಾಯರು, ಈ ಮೂರೂ ಕೂಡಿದರೆ ಮಾತ್ರ ಗಂಟೆಗೆ ಅರ್ಥವುಂಟು. ಹಾಗೆಯೇ ಕೊಯಿಲಿನ ಕಾಲದಲ್ಲಿ ಗದ್ದೆಗೆ ಹೋಗುವ ಹಿರಿಯರು ಬುತ್ತಿಯ ಜೊತೆಗೆ ನೀರಿನ ಪಾತ್ರೆಯನ್ನೂ ಒಯ್ಯುವುದನ್ನು ಮರೆಯಬಾರದು.

ಕಬಿನಿಯ ದಡದ ಈ ನಾಡಿನಲ್ಲಿ ನೀರಿಗೆ ಬರವಿಲ್ಲ. ವಂಶದಿಂದ ಬಂದ ಬರೆಹವನ್ನು ನಾವು ಆರಿಸಿಕೊಂಡು ಬಂದಿಲ್ಲವೆಂಬುದು ನಿಜ. ಆದರೆ ಆ ಬರೆಹದ ಒಂದು ಅಕ್ಷರವು ತಪ್ಪಿದರೆ ಮುಂದಿನ ಬಾಳೆಲ್ಲವೂ ತಪ್ಪಲೇಬೇಕೆಂಬುದು ನಿಜವಲ್ಲ. ಐದು ತಲೆಮಾರಿನ ಶೋಧಕರು ಒಂದು ಚಿಕ್ಕ ಕಲ್ಲಿನ ಬೆನ್ನು ಹತ್ತಿ ಹೋಗಿ ಇಷ್ಟನ್ನು ತೋರಿಸಿಕೊಟ್ಟಿದ್ದಾರೆ. ಮುಂದಿನ ಔಷಧವನ್ನು ಕಂಡುಹಿಡಿಯುವವರು ಇಂದು ಯಾವುದೋ ಹಳ್ಳಿಯ ಶಾಲೆಯಲ್ಲಿ ಭಾಗಾಕಾರವನ್ನು ಕಲಿಯುತ್ತಿರಬಹುದು. ಅವರು ನಮ್ಮ ಮಕ್ಕಳೇ ಏಕಾಗಬಾರದು? ಅಲ್ಲಿಯವರೆಗೆ, ಕಾಯಿಲೆಯನ್ನು ಮುಚ್ಚಿಡದೆ ಹೇಳುವ ಧೈರ್ಯವನ್ನು ತಾಯ್ತಂದೆಯರು ಪಡೆಯಲಿ. ಕಾಯಿಲೆಯುಳ್ಳ ಗೆಳೆಯನನ್ನು ಹಳಿಯದೆ ಅವನೊಡನೆ ಕುಳಿತು ನೀರು ಕುಡಿಯುವ ಸೌಜನ್ಯವನ್ನು ವಿದ್ಯಾರ್ಥಿಗಳು ಕಲಿಯಲಿ.